ಬಿದ್ದ ಕಾಗದ ಎಲ್ಲಿ? ಹಲಸೂರಿನ ಒಂದು ಜೆರಾಕ್ಸ್ ಅಂಗಡಿ, ನನ್ನ ಬಲ ಮಂಡಿ

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಗೆ ಮೂರು ಮೆಟ್ಟಿಲಿವೆ. ಕಡಪ ಕಲ್ಲಿನವು, ಒಂದೊಂದೂ ಮುಕ್ಕಾಲು ಅಡಿ ಎತ್ತರ. ಮೊನ್ನೆ ಮೊನ್ನೆವರೆಗೂ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅಲ್ಲಿಗೆ ಬರುವ ಗಿರಾಕಿಗಳಲ್ಲಿ ಅರ್ಧ ಜನಕ್ಕೆ ಮಂಡಿ ನೋವು, ಉಳಿದರ್ಧ ಜನಕ್ಕೆ ಸೊಂಟ ನೋವು. ಒಬ್ಬೊಬ್ಬರೇ ಗೋಡೆ ಸವರಿಕೊಂಡು ಹತ್ತುವುದನ್ನು ನೋಡಬೇಕಿತ್ತು. ಗೋಡೆಯ ಸುಣ್ಣ ಆ ಎತ್ತರಕ್ಕೆ ಮಾತ್ರ ಕಪ್ಪಾಗಿದೆ.

ಹೆಸರು ಹಾಕುತ್ತಿಲ್ಲ. ನಡೆಸುವವರೇ ಬೇಡ ಅಂದರು. "ಇಂಟರ್ನೆಟ್ಟಲ್ಲಿ ಹಾಕಿದ್ರೆ ಕ್ಯೂ ಜಾಸ್ತಿ ಆಗುತ್ತೆ ಕಣಯ್ಯಾ, ನನಗೆ ಬಿಪಿ ಇದೆ" ಅಂತ. ಹಲಸೂರು ಮೆಟ್ರೋ ಇಳಿದು, ಸೋಮೇಶ್ವರ ದೇವಸ್ಥಾನ ದಾಟಿ, ಕೆರೆ ಕಡೆ ನಡೆದು ಬಂದರೆ ಒಂದು ಗಲ್ಲಿ. ಬೋರ್ಡಿನಲ್ಲಿ ಜೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್ ಅಂತ ಮಾತ್ರ ಇದೆ. ಪೆನ್ಶನ್ ಅನ್ನುವ ಪದವೇ ಇಲ್ಲ. ಯಾವ ಎಕ್ಸ್-ಸರ್ವಿಸ್‌ಮನ್ನನ್ನು ಕೇಳಿದರೂ "ಸಾಬ್ ಅಂಗಡಿ ಅಲ್ವಾ" ಅಂತ ಕೈ ತೋರಿಸುತ್ತಾರೆ.

ಸಾಬ್ ಅಂದರೆ ಸುಬೇದಾರ್ ಆಗಿ ರಿಟೈರ್ ಆದವರು, ಕ್ಲರ್ಕ್ ಟ್ರೇಡು. ಎಪ್ಪತ್ತು ದಾಟಿದೆ. ಜೆರಾಕ್ಸ್ ಅವರ ಮಗ ನೋಡಿಕೊಳ್ಳುತ್ತಾನೆ. ಇವರ ಕೆಲಸ ಕಾಗದ ಓದುವುದು. ಡಿಸೆಬಿಲಿಟಿ ಪೆನ್ಶನ್ನಿನ ಅಪೀಲು, ಆರ್‌ಟಿಐ, ಸೈನ್ಯದ ಪೆನ್ಶನ್ ನೋಡಿಕೊಳ್ಳುವ ಸ್ಪರ್ಶ್ ಪೋರ್ಟಲ್ಲಿನ ತಕರಾರು, ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ಕೊಡುವ ಜೀವನ್ ಪ್ರಮಾಣ್. ಇವೆಲ್ಲ ಒಂದು ಪ್ಲೈವುಡ್ ಟೇಬಲ್ ಮೇಲೆ.

ನನ್ನ ಕಥೆ ಸ್ವಲ್ಪ ಹೇಳದೆ ಇವರ ಕೆಲಸ ಅರ್ಥ ಆಗುವುದಿಲ್ಲ.

ನಾನು ಸ್ಯಾಪರ್, ಅಂದರೆ ಸೈನ್ಯದ ಎಂಜಿನಿಯರಿಂಗ್ ದಳದವನು. 1994ರಲ್ಲಿ ಭರ್ತಿ, 2018ರಲ್ಲಿ ಹವಾಲ್ದಾರ್ ಆಗಿ ಮನೆಗೆ. ನಮ್ಮ ಊರು ಅರಕಲಗೂಡು ಕಡೆ, ಈಗ ಇರುವುದು ರಾಮಮೂರ್ತಿನಗರ. ನಮ್ಮದು ಸೇತುವೆ ಕಟ್ಟುವ ಕೆಲಸ. ಬೈಲಿ ಬ್ರಿಡ್ಜ್ ಅಂತ ಕೇಳಿರುತ್ತೀರಿ, ಪ್ರವಾಹ ಬಂದಾಗ ಟಿವಿಯಲ್ಲಿ ತೋರಿಸುತ್ತಾರೆ. ಅದರ ಒಂದು ಪ್ಯಾನೆಲ್ ಅಂದರೆ 10 ಅಡಿ ಉದ್ದ, 5 ಅಡಿ ಎತ್ತರದ ಉಕ್ಕಿನ ಚೌಕಟ್ಟು. ತೂಕ ಸುಮಾರು 260 ಕಿಲೋ. ಆರು ಜನ ಹೊರಬೇಕು. ಆರೂ ಜನರ ಹೆಜ್ಜೆ ಒಂದೇ ಸಲ ಬೀಳಬೇಕು, ಪಲ್ಲಕ್ಕಿ ಹೊತ್ತ ಹಾಗೆ. 2009ರ ಮಳೆಗಾಲ, ಅಭ್ಯಾಸದ ಸಮಯ. ಮುಂದಿನವನ ಕಾಲು ಜಾರಿತು. ಭಾರ ಪೂರ್ತಿ ನಮ್ಮ ಕಡೆ ವಾಲಿತು. ನನ್ನ ಬಲಗಾಲು ಕೆಸರಲ್ಲಿ ಹೂತಿತ್ತು. ಮೈ ತಿರುಗಿತು, ಪಾದ ತಿರುಗಲಿಲ್ಲ. ಮಂಡಿಯೊಳಗೆ ಟಪ್ ಅಂದಿದ್ದು ಪಕ್ಕದವನಿಗೂ ಕೇಳಿಸಿತಂತೆ.

ಲಿಗಮೆಂಟ್ ಹರಿದಿತ್ತು, ಎಸಿಎಲ್ ಅನ್ನುತ್ತಾರಲ್ಲ, ಅದು. ಮಂಡಿಯೊಳಗಿನ ಮೆತ್ತೆ, ಮೆನಿಸ್ಕಸ್, ಅದೂ ಹೋಗಿತ್ತು. ಆಪರೇಷನ್ ಆಯಿತು. ಲೋ ಮೆಡಿಕಲ್ ಕ್ಯಾಟಗರಿ ಕೊಟ್ಟು, ಅಂದರೆ ಭಾರದ ಕೆಲಸಕ್ಕೆ ಆಗುವುದಿಲ್ಲ ಅಂತ ಬರೆದು, ಸ್ಟೋರಿನಲ್ಲಿ ಕೂರಿಸಿದರು. ಒಂಬತ್ತು ವರ್ಷ ಗುದ್ದಲಿ, ಹಾರೆ, ಹಗ್ಗ ಎಣಿಸಿದೆ.

ಬಿಟ್ಟು ಬರುವಾಗ ರಿಲೀಸ್ ಮೆಡಿಕಲ್ ಬೋರ್ಡ್ ಆಗುತ್ತದೆ, ಸೈನ್ಯದ ಡಾಕ್ಟರುಗಳ ಕೊನೆಯ ತಪಾಸಣೆ. ಅಲ್ಲಿ ಎರಡು ಪ್ರಶ್ನೆ. ಒಂದು, ಡಿಸೆಬಿಲಿಟಿ ಎಷ್ಟು ಪರ್ಸೆಂಟ್? ಎರಡು, ಯಾಕೆ ಆಯಿತು, ಸರ್ವಿಸ್‌ನಿಂದಲೋ ಅಲ್ಲವೋ? ಎರಡಕ್ಕೂ ಸರಿಯಾದ ಉತ್ತರ ಇದ್ದರೆ ಮಾತ್ರ ದುಡ್ಡು. ಪರ್ಸೆಂಟ್ 20 ಇರಲೇಬೇಕು, 19 ಆದರೆ ಸೊನ್ನೆ. 20 ಇದ್ದೂ ಸರ್ವಿಸ್‌ನಿಂದ ಆಗಿದ್ದಲ್ಲ, ಸರ್ವಿಸ್‌ನಿಂದ ಜಾಸ್ತಿಯೂ ಆಗಿಲ್ಲ ಅಂತ ಬರೆದರೂ ಸೊನ್ನೆ.

ಬೋರ್ಡಿನ ದಿನ ನಾನೊಂದು ಪೆದ್ದು ಕೆಲಸ ಮಾಡಿದೆ. ಡಾಕ್ಟರು ಮಂಚದ ಮೇಲೆ ಮಲಗಿಸಿ "ಎಷ್ಟಾಗುತ್ತೋ ಅಷ್ಟು ಮಡಚಿ" ಅಂದರು. ಹಲ್ಲು ಕಚ್ಚಿ ಮಡಚಿದೆ. ಪಕ್ಕದ ಮಂಚದಲ್ಲಿ ನನ್ನದೇ ಬ್ಯಾಚಿನವನಿದ್ದ. ಅವನ ಮುಂದೆ ಅಯ್ಯೋ ಅನ್ನುವುದು ಹೇಗೆ? ಫೌಜಿ ಗತ್ತು. ಕಣ್ಣಲ್ಲಿ ನೀರು ಬಂತು, ಬೆವರು ಅಂತ ಒರೆಸಿಕೊಂಡೆ. ಬೋರ್ಡು 20 ಪರ್ಸೆಂಟ್, ಜೀವನಪೂರ್ತಿ ಅಂತ ಬರೆಯಿತು. ಗೆರೆ ಮೇಲೆ ನಿಂತ ಹಾಗೆ, ಸ್ವಲ್ಪ ಜಾಸ್ತಿ ಮಡಚಿದ್ದರೆ ಅದೂ ಇಲ್ಲ. ಎರಡನೇ ಪ್ರಶ್ನೆಗೆ ಸರ್ವಿಸ್‌ಗೆ ಸಂಬಂಧ ಇಲ್ಲ ಅಂತ ಬಿತ್ತು. ಕ್ಲೇಮು ತಿರಸ್ಕಾರ.

ಆಮೇಲೆ ಯಾರೋ ಹೇಳಿದರು ಅಂತ ಒಬ್ಬ ಏಜೆಂಟ್ ಹತ್ತಿರ ಹೋದೆ. 8 ಸಾವಿರ ತಗೊಂಡ. ಒಂಬತ್ತು ಪುಟದ ಅಪೀಲು ಬರೆದ. ಭಾರತ ಮಾತೆ, ಮೈನಸ್ ಡಿಗ್ರಿ ಚಳಿ, ಹೆಂಡತಿ ಮಕ್ಕಳು ಎಲ್ಲಾ ಇತ್ತು. ಮಂಡಿ ಎಲ್ಲಿ, ಹೇಗೆ, ಯಾವತ್ತು ಹೋಯಿತು ಅನ್ನುವುದು ಇರಲಿಲ್ಲ. 2019ರ ನವೆಂಬರಲ್ಲಿ ಅದೂ ವಾಪಸ್ ಬಂತು.

ಸಾಬ್ ಅಂಗಡಿಯ ಮೆಟ್ಟಿಲು ನಾನು ಮೊದಲ ಸಲ ಹತ್ತಿದ್ದು 2020ರ ಜನವರಿಯಲ್ಲಿ. ನೂರೈವತ್ತು ಪುಟದ ಫೈಲು ಒಯ್ದಿದ್ದೆ. ಅವರು ಒಂದು ಸ್ಟೀಲ್ ಸ್ಕೇಲ್ ತಗೊಂಡು, ಒಂದೊಂದು ಸಾಲಿನ ಕೆಳಗೂ ಇಟ್ಟುಕೊಂಡು ಓದಿದರು. ಮಾತಿಲ್ಲ. ನಾನು ನಡುವೆ "ಸಾಬ್, ಅದು ಏನಾಯ್ತು ಅಂದ್ರೆ" ಅಂದೆ. ತಲೆ ಎತ್ತದೆ ಕೈ ತೋರಿಸಿದರು, ಸುಮ್ನಿರು ಅಂತ. ನಲವತ್ತು ನಿಮಿಷ. ಮಗ ಎರಡು ಸಲ ಟೀ ತಂದಿಟ್ಟ. ಕಡೆಗೆ ಕನ್ನಡಕ ತೆಗೆದು ಕೇಳಿದರು:

"ಐದು ಎಂಆರ್‌ಐ ತಂದಿದ್ದೀಯ. ಬಿದ್ದ ಕಾಗದ ಎಲ್ಲಿ?"

ನನಗೆ ಅರ್ಥ ಆಗಲಿಲ್ಲ. ಬಿದ್ದ ದಿನ ಮಾಡಿದ ಕಾಗದ, ಇಂಜುರಿ ರಿಪೋರ್ಟು. ಫಾರಂ ನಂಬರ್ ಐಎಎಫ್‌ವೈ-2006. ಪೆಟ್ಟಾದಾಗ ಯೂನಿಟ್ಟಿನಲ್ಲಿ ತುಂಬುವ ಫಾರಂ ಅದು. ಏನು ಪೆಟ್ಟು, ಹೇಗಾಯಿತು ಅಂತ ಬರೆದು, ಡ್ಯೂಟಿ ಮೇಲೆ ಇದ್ದನೋ ಇಲ್ಲವೋ ಅಂತ ಅಫೀಸರ್ ಸಹಿ ಹಾಕಬೇಕು. ಎಂಆರ್‌ಐ ಮಂಡಿ ಹೋಗಿದೆ ಅಂತ ಹೇಳುತ್ತದೆ. ಯಾಕೆ ಹೋಯಿತು ಅಂತ ಹೇಳುವುದು ಈ ಒಂದು ಹಾಳೆ. ಬೋರ್ಡಿನ ಮುಂದೆ ಬಂದ ನನ್ನ ಫೈಲಿನಲ್ಲಿ ಅದು ಇರಲೇ ಇಲ್ಲ. ಅದನ್ನು ಎರಡು ವರ್ಷದಲ್ಲಿ ಕಂಡುಹಿಡಿದವರು ಇವರೊಬ್ಬರೇ. ಏಜೆಂಟಂತೂ ಫೈಲು ಬಿಚ್ಚಿಯೇ ಇರಲಿಲ್ಲ ಅಂತ ಕಾಣುತ್ತೆ. ಟ್ಯಾಗು ನಾನು ಕಟ್ಟಿದ ಗಂಟಿನಲ್ಲೇ ಇತ್ತು.

ಅವತ್ತೇ ಆರ್‌ಟಿಐ ಬರೆದರು. ಮೂರೇ ಮೂರು ಕಾಗದ ಕೇಳಿದರು: ಇಂಜುರಿ ರಿಪೋರ್ಟು, ಆ ಪೆಟ್ಟಿನ ಪಾರ್ಟ್ ಟೂ ಆರ್ಡರ್ (ಯೂನಿಟ್ಟು ದಾಖಲೆಗೆ ಹಾಕುವ ಆದೇಶ), ಮೆಡಿಕಲ್ ಬೋರ್ಡಿನ ಪೂರ್ತಿ ಪ್ರೊಸೀಡಿಂಗ್ಸ್. 10 ರೂಪಾಯಿ ಪೋಸ್ಟಲ್ ಆರ್ಡರು. "ಜಾಸ್ತಿ ಕೇಳಿದ್ರೆ ಕೊಡದೇ ಇರೋಕೆ ದಾರಿ ಸಿಗುತ್ತೆ ಅವರಿಗೆ" ಅಂದರು. 27ನೇ ದಿನ ಲಕೋಟೆ ಬಂತು. ಜೆರಾಕ್ಸಿನ ಜೆರಾಕ್ಸು, ಒಂದು ಮೂಲೆ ಕಪ್ಪು. ಆದರೂ 2009ರ ತಾರೀಖು ಇತ್ತು, ಬ್ರಿಡ್ಜಿಂಗ್ ಅಂತ ಇತ್ತು, ಆನ್ ಡ್ಯೂಟಿ ಅಂತ ಇತ್ತು. ನನ್ನ ಹೆಸರು ಮಾತ್ರ ತಪ್ಪಾಗಿತ್ತು. ಗಾಬರಿಯಾಗಿ ಓಡಿದೆ, ಓಡಿದೆ ಅಂದರೆ ಕುಂಟಿದೆ. ಸಾಬ್ ನೋಡಿ ನಕ್ಕರು. "ನಂಬರ್ ಸರಿ ಇದೆಯಲ್ಲ. ಆರ್ಮೀಲಿ ಹೆಸರು ಯಾವನಿಗೆ ಬೇಕು?"

ಎರಡನೇ ಅಪೀಲು ಒಂದೂವರೆ ಪುಟ. ಭಾರತ ಮಾತೆ ಇಲ್ಲ. ಭರ್ತಿಯಾದಾಗ ಮಂಡಿ ಸರಿ ಇತ್ತು, ಇಂಥ ದಿನ ಇಂಥ ಕೆಲಸದಲ್ಲಿ ಹೋಯಿತು, ಅದಕ್ಕೆ ಈ ಕಾಗದ, ಬೋರ್ಡು ಈ ಕಾಗದ ನೋಡಿಲ್ಲ. ಅಷ್ಟೇ. 2020ರ ಮಾರ್ಚಲ್ಲಿ, ಲಾಕ್‌ಡೌನಿಗೆ ನಾಲ್ಕು ದಿನ ಮುಂಚೆ ಸ್ಪೀಡ್ ಪೋಸ್ಟ್ ಮಾಡಿದೆ. 2021ರ ಆಗಸ್ಟಲ್ಲಿ ಒಪ್ಪಿಕೊಂಡ ಆರ್ಡರ್ ಬಂತು. ಸಾಬ್ ತಗೊಂಡಿದ್ದು 1,500, ಜೊತೆಗೆ ಜೆರಾಕ್ಸಿಗೆ 86 ರೂಪಾಯಿ. ಆ ಆರಕ್ಕೂ ಚಿಲ್ಲರೆ ಕೊಡಲೇಬೇಕು, ಬಿಡುವ ಪೈಕಿ ಅಲ್ಲ.

ಈಗ ಲೆಕ್ಕ. ಇದನ್ನು ಅವರು ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದ್ದರು, ನಾನು ನಿಮಗೆ ಬರೆಯುತ್ತೇನೆ. ಕೊನೆಯ ಸಂಬಳ 45 ಸಾವಿರ ಅಂತ ಇಟ್ಟುಕೊಳ್ಳಿ. ನೂರಕ್ಕೆ ನೂರು ಡಿಸೆಬಿಲಿಟಿ ಇದ್ದರೆ ಅದರ 30 ಪರ್ಸೆಂಟ್ ಸಿಗುತ್ತದೆ, ಅಂದರೆ 13,500. 20 ಪರ್ಸೆಂಟಿನವನಿಗೆ ಅದರ ಐದನೇ ಒಂದು ಭಾಗ, 2,700. ಆದರೆ ಬ್ರಾಡ್ ಬ್ಯಾಂಡಿಂಗ್ ಅಂತ ಒಂದಿದೆ. 50ಕ್ಕಿಂತ ಕಡಿಮೆ ಇದ್ದರೆ 50 ಅಂತ ಹಿಡಿಯುತ್ತಾರೆ, 50ರಿಂದ 75ರ ನಡುವೆ ಇದ್ದರೆ 75, ಅದರ ಮೇಲಿದ್ದರೆ 100. ಹಾಗಾಗಿ 20 ಅನ್ನುವುದು 50 ಆಗಿ, 2,700 ಇದ್ದದ್ದು 6,750 ಆಗುತ್ತದೆ. ತುಟ್ಟಿಭತ್ಯೆ ಬೇರೆ. ಮೊದಲು ಇದು ಸರ್ವಿಸ್ ನಡುವೆ ಮೆಡಿಕಲ್ ಮೇಲೆ ಮನೆಗೆ ಕಳಿಸಿದವರಿಗೆ ಮಾತ್ರ ಇತ್ತು. ನನ್ನ ಹಾಗೆ ಪೂರ್ತಿ ಸರ್ವಿಸ್ ಮಾಡಿ ಬಂದವರಿಗೂ ಸಿಗಬೇಕು ಅಂತ ಸುಪ್ರೀಂ ಕೋರ್ಟು ರಾಮ್ ಅವತಾರ್ ಕೇಸಿನಲ್ಲಿ ಹೇಳಿತು, 2014ರ ಡಿಸೆಂಬರ್ 10ಕ್ಕೆ. ಆ ತೀರ್ಪಿನ ಮೊದಲ ಪುಟ ಲ್ಯಾಮಿನೇಟ್ ಆಗಿ ಅಂಗಡಿಯಲ್ಲಿ ದೇವರ ಪಟದ ಪಕ್ಕದಲ್ಲೇ ಇದೆ. ಇನ್ನೊಂದು ಪಕ್ಕ 2013ರ ಧರಮ್‌ವೀರ್ ಸಿಂಗ್ ತೀರ್ಪು. ಭರ್ತಿಯಾಗುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆ ಆಮೇಲೆ ಬಂದರೆ ಅದು ಸರ್ವಿಸ್‌ನಿಂದ ಬಂದದ್ದು ಅಂತಲೇ ಹಿಡಿಯಬೇಕು, ಅಲ್ಲ ಅನ್ನುವವರು ಕಾರಣ ಕೊಡಬೇಕು ಅನ್ನುವುದು ಅದರ ಸಾರ. ಊದುಬತ್ತಿ ಮೂರಕ್ಕೂ ಸೇರಿ ಒಂದೇ.

ಇಲ್ಲೊಂದು ಎಚ್ಚರಿಕೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಆಮೇಲೆ ಬಿಟ್ಟು ಬಂದವರಿಗೆ ನನ್ನ ಲೆಕ್ಕ ಹಾಗ್ಹಾಗೇ ಹಚ್ಚಬೇಡಿ. ಡಿಸೆಬಿಲಿಟಿ ಇದ್ದೂ ಸರ್ವಿಸ್ ಮುಗಿಸಿ ಬಂದವರಿಗೆ ಈಗ ಹೆಸರೇ ಬೇರೆ, ಇಂಪೇರ್‌ಮೆಂಟ್ ರಿಲೀಫ್ ಅಂತ.

ಆದರೆ ನಾನು ಈ ರಿವ್ಯೂ ಬರೆಯಲು ಕೂತಿದ್ದು ಅಪೀಲು ಗೆದ್ದದ್ದಕ್ಕಲ್ಲ. ಹೋದ ವರ್ಷ ಮಂಡಿ ಜಾಸ್ತಿ ಆಯಿತು. ಊರ ಹಬ್ಬದಲ್ಲಿ ಪಂಕ್ತಿಗೆ ಕೂತವನು ಏಳಲಾಗದೆ, ಎಲೆ ತೆಗೆಯಲು ಬಂದ ಹುಡುಗ ಎತ್ತಿ ನಿಲ್ಲಿಸಿದ. ನನ್ನ ಹೆಂಡತಿ ವಾರಗಟ್ಟಲೆ ಅದನ್ನೇ ಹೇಳಿದಳು. ಪರ್ಸೆಂಟ್ ಜಾಸ್ತಿ ಮಾಡಿಸೋಣ, ಮತ್ತೆ ಅಳೆಯುವ ರಿವ್ಯೂ ಮೆಡಿಕಲ್ ಬೋರ್ಡಿಗೆ ಅರ್ಜಿ ಹಾಕೋಣ ಅಂತ ಸಾಬ್ ಹತ್ತಿರ ಹೋದೆ.

ಶನಿವಾರ ಬೆಳಿಗ್ಗೆ ಅವರ ಸೊಸೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಾಳೆ. ಫಿಸಿಯೋಥೆರಪಿಸ್ಟ್. ಆಯಮ್ಮ ಬಳಸುವುದು ಗೋನಿಯೋಮೀಟರ್ ಅನ್ನುವ ಪ್ಲಾಸ್ಟಿಕ್ ಸಾಮಾನು. ಸ್ಕೂಲಿನ ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ಎರಡು ಕೈ ಬಂದ ಹಾಗೆ ಇರುತ್ತದೆ. ಮಂಡಿಯ ಹೊರಬದಿಯ ಮೂಳೆ ಮೇಲೆ ನಡುವಿನ ತಿರುಪು. ಒಂದು ಕೈ ಸೊಂಟದ ಮೂಳೆ ಕಡೆ, ಇನ್ನೊಂದು ಪಾದದ ಹೊರಗಂಟಿನ ಕಡೆ. ಸರಿಯಾಗಿರುವ ಮಂಡಿ ಸುಮಾರು 135, 140 ಡಿಗ್ರಿ ಮಡಚುತ್ತದೆ.

ಮಡಚಿದೆ. ಹಳೇ ಚಾಳಿ, ಹಲ್ಲು ಕಚ್ಚಿದೆ.

"ಅಂಕಲ್, ಇಲ್ಲಿ ಯಾರೂ ಮೆಡಲ್ ಕೊಡಲ್ಲ. ಎಲ್ಲಿಂದ ನೋವು ಶುರು ಆಗುತ್ತೋ ಅಲ್ಲಿ ನಿಲ್ಲಿಸಿ ಹೇಳಿ" ಅಂದಳು.

ಎರಡು ಅಂಕೆ ಬರೆದಳು. ನೋವು ಶುರು 85. ಕಚ್ಚಿ ಹಿಡಿದು ಮಡಚಿದ್ದು 105. ನಡುವಿನ 20 ಡಿಗ್ರಿಯಲ್ಲೇ ನನ್ನ ಗತ್ತು ಇದ್ದದ್ದು. ಆಮೇಲೆ ಟೇಲರ್ ಟೇಪು ತಗೊಂಡು, ಮಂಡಿಚಿಪ್ಪಿನಿಂದ 15 ಸೆಂಟಿಮೀಟರ್ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಎರಡೂ ತೊಡೆ ಅಳೆದಳು. ಬಲತೊಡೆ ಎರಡೂವರೆ ಸೆಂಟಿಮೀಟರ್ ಸಣ್ಣ. ನೋವಿರುವ ಕಾಲಿನ ಮೇಲೆ ನಾವು ಭಾರ ಹಾಕುವುದಿಲ್ಲ, ಮಾಂಸಖಂಡ ಕರಗುತ್ತದೆ. ಮಡಚುವುದರಲ್ಲಿ ನಾಟಕ ಆಡಬಹುದು, ಆ ಕಡೆಯೂ ಈ ಕಡೆಯೂ. ತೊಡೆಯ ಸುತ್ತಳತೆಯಲ್ಲಿ ಆಡೋಕೆ ಆಗಲ್ಲ. ಬೋರ್ಡಿಗೆ ಹೋಗುವ ಹುಡುಗರು ಇದನ್ನು ನೆನಪಿಟ್ಟುಕೊಳ್ಳಿ. ಸುಳ್ಳು ಕುಂಟಬೇಡಿ, ಸುಳ್ಳು ನೆಟ್ಟಗೂ ನಡೆಯಬೇಡಿ. ನೋವು ಶುರುವಾದ ಕಡೆ ಬಾಯಿಬಿಟ್ಟು ಹೇಳಿ.

ಅಳತೆ ನೋಡಿ ನನಗೆ ಖುಷಿ. ಇಷ್ಟು ಹಾಳಾಗಿದೆ ಅಂದರೆ 30, 40 ಪರ್ಸೆಂಟ್ ಗ್ಯಾರಂಟಿ ಅಂತ. ಫೀಸು ಎಷ್ಟು ಸಾಬ್ ಅಂತ ಜೇಬಿಗೆ ಕೈ ಹಾಕಿದೆ. ಅವರು ಕ್ಯಾಲೆಂಡರ್ ತಿರುಗಿಸಿದರು.

"40 ಆದ್ರೆ ಎಷ್ಟು ಬರುತ್ತೆ ಹೇಳು."

"ಜಾಸ್ತಿ ಬರುತ್ತೆ."

"50ರ ಒಳಗಿದ್ರೆ ಎಷ್ಟಕ್ಕೆ ಹಿಡೀತಾರೆ?"

"50ಕ್ಕೆ."

"ಈಗ ಎಷ್ಟಕ್ಕೆ ತಗೊಳ್ತಿದ್ದೀಯ?"

ನಾನು ಸುಮ್ಮನಾದೆ. 20ರಿಂದ 49ರ ತನಕ ಎಲ್ಲಾ ಒಂದೇ ಬೆಲೆ! ಅದು ತಲೆಗೇ ಹೊಳೆದಿರಲಿಲ್ಲ. ಜೀವನಪೂರ್ತಿ ಅಂತ ಒಮ್ಮೆ ಬರೆದ ಪರ್ಸೆಂಟನ್ನು ಸರ್ಕಾರ ತಾನಾಗಿ ಮತ್ತೆ ಅಳೆಯಲು ಕರೆಯುವುದಿಲ್ಲ. ನಾವೇ ಕೇಳಿದರೆ ಮಾತ್ರ ರಿವ್ಯೂ. ಕೇಳಿಕೊಂಡು ಹೋಗಿ, ಹೊಸ ಬೋರ್ಡು 15 ಅಂತ ಬರೆದರೆ ಇರುವುದಕ್ಕೂ ಸಂಚಕಾರ. "ಒಂದು ಮಂಡಿಗೆ 50 ಮುಟ್ಟೋದು ಕಷ್ಟ. ಮುಟ್ಟದಿದ್ರೆ ನಿನಗೆ ಒಂದ್ರೂಪಾಯಿ ಲಾಭ ಇಲ್ಲ. ಮನೆಗೆ ಹೋಗಿ ಎಕ್ಸರ್‌ಸೈಜ್ ಮಾಡು" ಅಂದರು. ಅವತ್ತು ತಗೊಂಡಿದ್ದು ಸೊಸೆಯ ಅಳತೆಗೆ 200 ರೂಪಾಯಿ ಮಾತ್ರ. ಇದೇ ಅರ್ಜಿಗೆ ಇನ್ನೊಬ್ಬರು ನನ್ನ ಹತ್ತಿರ 12 ಸಾವಿರ ಕೇಳಿದ್ದರು, ಅದೂ ಅರ್ಧ ಅಡ್ವಾನ್ಸು.

ಅಲ್ಲಿ ಬೆಂಚಿನ ಮೇಲೆ ಕೂತಿದ್ದ ಒಬ್ಬರ ಅಳಿಯ ಅಮೆರಿಕದ ಸೈನ್ಯದಲ್ಲಿ ಇದ್ದವನಂತೆ. ಅಲ್ಲಿ ಡಿಗ್ರಿಗೇ ರೇಟು ಕಟ್ಟಿ ಪಟ್ಟಿ ಮಾಡಿದ್ದಾರೆ. ಮಂಡಿ 45 ಡಿಗ್ರಿಗೆ ನಿಂತರೆ 10 ಪರ್ಸೆಂಟ್, 30ಕ್ಕೆ ನಿಂತರೆ 20, 15ಕ್ಕೆ ನಿಂತರೆ 30. ಆ ಲೆಕ್ಕದಲ್ಲಿ ಬರೀ ಮಡಚುವುದನ್ನು ನೋಡಿದರೆ ನನ್ನ 85ಕ್ಕೆ ಸೊನ್ನೆಯೇ. ಆದರೆ ಅಲ್ಲಿ ನೋವಿನಿಂದ ಆಡುವ ಕೀಲಿಗೂ ಕನಿಷ್ಠ ಒಂದು ರೇಟಿಂಗ್ ಇದೆ. ಎರಡು ತೊಂದರೆ ಇದ್ದರೆ ಕೂಡಿಸುವ ವಿಧಾನ ಇನ್ನೂ ಮಜಾ. 50 ಮತ್ತು 30 ಸೇರಿದರೆ 80 ಅಲ್ಲ. 50 ಹೋಗಿ ಉಳಿದ 50ರಲ್ಲಿ 30 ಪರ್ಸೆಂಟ್, ಅಂದರೆ 15. ಒಟ್ಟು 65, ಅದನ್ನು 70 ಮಾಡುತ್ತಾರೆ. ಬೆಂಚಿನ ಮೇಲಿದ್ದ ನಾಲ್ಕೂ ಜನ ಬೆರಳು ಎಣಿಸುತ್ತಾ ಅರ್ಧ ಗಂಟೆ ಕಳೆದೆವು. ಪಂಕ್ತಿಯಲ್ಲಿ ಕೂರಲಾಗದ್ದಕ್ಕೆ ಮಾತ್ರ ಎರಡೂ ದೇಶದಲ್ಲಿ ಕಾಲಂ ಇಲ್ಲ.

ಇನ್ನೊಂದು ಗೊಂದಲ ಅಲ್ಲಿ ದಿನಾ ನಡೆಯುತ್ತದೆ. ಮಿಲಿಟರಿ ಬೋರ್ಡಿನ ಪರ್ಸೆಂಟ್ ತೋರಿಸಿ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಕೊಡಿ ಅಂತ ಕೇಳುತ್ತಾರೆ. ಅದು ಬೇರೆ, ಇದು ಬೇರೆ. ಅದು 2016ರ ಕಾಯ್ದೆ, ಅಳೆಯುವವರೇ ಬೇರೆ, ಸವಲತ್ತುಗಳು ಬಹುತೇಕ 40 ಪರ್ಸೆಂಟ್ ಇದ್ದವರಿಗೆ. ನನ್ನ 50 ಅನ್ನುವುದು ಪೆನ್ಶನ್ ಲೆಕ್ಕಕ್ಕೆ ಮಾತ್ರ.

ದೂರುಗಳೂ ಇವೆ. ಟೋಕನ್ ಇಲ್ಲ, ಬೆಂಚು ಬಹಳ ತಗ್ಗು, ಕೂತರೆ ಏಳುವುದು ಒಂದು ಸಾಹಸ. ನಗದು ಮಾತ್ರ, ಫೋನ್ ಪೇ ಬೋರ್ಡು ಇದೆ, ಕೆಲಸ ಮಾಡಲ್ಲ. ಬೈಯುತ್ತಾರೆ, ವಿಧವೆಯರನ್ನು ಬಿಟ್ಟು ಎಲ್ಲರನ್ನೂ. ಎಲ್ಲಕ್ಕಿಂತ ಜಾಸ್ತಿ ನನಗೆ ಸರಿ ಕಾಣದ್ದು ಒಂದಿದೆ. ಗಿರಾಕಿಗಳ ಸ್ಪರ್ಶ್ ಪಾಸ್‌ವರ್ಡುಗಳನ್ನು ಒಂದು ಉದ್ದನೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಆ ಪುಸ್ತಕ ಟೇಬಲ್ ಮೇಲೇ ಬಿದ್ದಿರುತ್ತದೆ. ನಾವೇ ಮರೆತು ಬರುತ್ತೇವೆ, ಅದಕ್ಕೆ ಬರೆಯುತ್ತಾರೆ, ಒಪ್ಪಿದೆ. ಆದರೂ ಮನೆಗೆ ಹೋದ ತಕ್ಷಣ ಬದಲಾಯಿಸಿ. ಇದನ್ನು ಅವರ ಮುಖಕ್ಕೇ ಹೇಳಿದ್ದೇನೆ.

ಕೋರ್ಟಿನ ಕೆಲಸ ಇವರು ಮಾಡುವುದಿಲ್ಲ. ಸೈನಿಕರ ಕೇಸು ಕೇಳುವ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್‌ಗೆ ಹೋಗಬೇಕಾದರೆ ಕರ್ನಾಟಕದವರಿಗೆ ಕೊಚ್ಚಿ ಬೆಂಚು, ಅದಕ್ಕೆ ವಕೀಲರನ್ನೇ ನೋಡಿ. ದುಡ್ಡು ಖರ್ಚು ಮಾಡುವ ಮುಂಚೆ ರೆಸಿಡೆನ್ಸಿ ರಸ್ತೆಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಭವನಕ್ಕೆ ಹೋಗಿ, ಸೈನಿಕ ಕಲ್ಯಾಣ ಇಲಾಖೆ ಅಲ್ಲಿದೆ. ಇದೂ ಸಾಬ್ ಅವರೇ ಮೊದಲ ದಿನ ಹೇಳುವ ಮಾತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದನ್ನು ಮೆಟ್ಟಿಲಿಗೆ ಕಳೆದಿದ್ದೆ, ಈಗ ಅರ್ಧ ವಾಪಸ್ ಕೊಡಬೇಕಾಗಿದೆ. ಹೋದ ತಿಂಗಳು ಜೀವನ್ ಪ್ರಮಾಣ್‌ಗೆ ಹೋದಾಗ ಮೆಟ್ಟಿಲ ಪಕ್ಕ ಒಂದು ಜಿಐ ಪೈಪು ನೆಟ್ಟಿದ್ದರು, ಒಂದೇ ಕಡೆ, ಹತ್ತುವಾಗ ಎಡಕ್ಕೆ. "ನನ್ನ ಮಂಡಿ ಬಲಗಡೇದು ಸಾಬ್" ಅಂದೆ. "ಇಳಿಯುವಾಗ ಬಲಕ್ಕೇ ಬರುತ್ತೆ. ನೋವು ಇಳಿಯುವಾಗಲೇ ಜಾಸ್ತಿ ಅಲ್ವಾ?" ಅಂದರು, ಸ್ಕೇಲಿನಿಂದ ತಲೆ ಎತ್ತದೆ. ಬೆಳಿಗ್ಗೆ ಹತ್ತಕ್ಕೆ ತೆಗೆಯುತ್ತಾರೆ, ಒಂದೂವರೆಗೆ ಊಟಕ್ಕೆ ಬಾಗಿಲು. ಅಳತೆ ಮಾಡಿಸುವವರು ಶನಿವಾರ ಹೋಗಿ, ಚಡ್ಡಿ ಒಯ್ಯಿರಿ.